ಮಾತು ಕಲಿಸುವವರು ಕಲಿಯುವಲ್ಲಿ

ಮೈಸೂರಿನ ಉದಯಗಿರಿಯಲ್ಲಿ ಹೆಚ್ಚಿನ ಮನೆಗಳ ಮಾತು ದಖನಿ ಉರ್ದು, ಬೀದಿಗಿಳಿದರೆ ಕನ್ನಡ. ಅಲ್ಲಿನ ಐದು ವರ್ಷದ ಮಗುವೊಂದು ಬಾಳೆಹಣ್ಣಿನ ಚಿತ್ರ ನೋಡಿ ‘ಬಾಲೆಹನ್ನು’ ಎಂದರೆ ಅದು ಉಚ್ಚಾರಣೆಯ ದೋಷವೇ? ಊರಿನ ಆ ತುದಿಯ ಮಾನಸಗಂಗೋತ್ರಿಯಲ್ಲಿ ಇದಕ್ಕೆ ಉತ್ತರ ಹುಡುಕುವುದನ್ನೇ ಓದಾಗಿಸಿಕೊಂಡವರಿದ್ದಾರೆ. ಅಲ್ಲಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ‘ಆಯಿಷ್’, ನನ್ನನ್ನು ಸೆಳೆದದ್ದೇ ಈ ಒಂದು ಪ್ರಶ್ನೆಯಿಂದ.

ಸಂಸ್ಥೆ ಶುರುವಾದದ್ದು 1965ರಲ್ಲಿ. ಮರುವರ್ಷ ಕಟ್ಟಡಕ್ಕೆ ಅಡಿಗಲ್ಲು ಹಾಕಿದವರು ರಾಷ್ಟ್ರಪತಿ ರಾಧಾಕೃಷ್ಣನ್. ಒಂದು ಕಾಲಕ್ಕೆ ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು. ಸಂಸ್ಥೆಯಲ್ಲಿ ಮೊದಲು ಬಂದದ್ದು ಸ್ನಾತಕೋತ್ತರ ತರಗತಿ, ಆಮೇಲೆ ಪದವಿ ತರಗತಿ. ಹಣ ಕೇಂದ್ರ ಆರೋಗ್ಯ ಸಚಿವಾಲಯದ್ದು, ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದು.

ಇಲ್ಲಿ ನಿರ್ದೇಶಕರಾಗಿದ್ದ ನ. ರತ್ನ ಅವರು ‘ಎಲ್ಲಿಗೆ?’, ‘ಗೋಡೆ ಬೇಕೇ ಗೋಡೆ’ ನಾಟಕಗಳನ್ನು ಬರೆದವರು, ಮೈಸೂರಿನ ‘ಸಮತೆಂತೋ’ ತಂಡ ಕಟ್ಟಿದವರು. ಹಗಲೆಲ್ಲ ತೊದಲುವವರ ಮಾತಿಗೆ ಕಿವಿಗೊಟ್ಟವರು ಸಂಜೆ ನಟರ ಮಾತಿಗೂ ಕಿವಿಗೊಟ್ಟರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಕನ್ನಡದ ಮಕ್ಕಳ ಉಚ್ಚಾರಣೆ ಪರೀಕ್ಷಿಸಲು 1972ರಲ್ಲಿ ರೂಪಿಸಿದ ಸಾಧನದಲ್ಲೂ ಅವರ ಹೆಸರಿದೆ. ಅದಕ್ಕೂ ಮುಂಚೆ ಓದುವ ಪುಸ್ತಕವೂ ಇಂಗ್ಲಿಷು, ಅಳೆಯುವ ಕೋಲೂ ಇಂಗ್ಲಿಷು.

ಪದವಿಯ ಓದು ಮೂರು ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್. ಕಿವಿ-ಗಂಟಲಿನ ರಚನೆ, ಶಬ್ದದ ಭೌತಶಾಸ್ತ್ರ, ಭಾಷಾವಿಜ್ಞಾನ, ಮನಶ್ಶಾಸ್ತ್ರ ಎಲ್ಲವೂ ಒಬ್ಬಳೇ ವಿದ್ಯಾರ್ಥಿನಿಯ ಚೀಲದಲ್ಲಿ. ಸದ್ದು ತೂರದ ಕೋಣೆಯಲ್ಲಿ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗಿನ ನಾದಗಳನ್ನು ಒಂದೊಂದಾಗಿ ಕೇಳಿಸುತ್ತಾರೆ. ದೊಡ್ಡವರಾದರೆ ಗುಂಡಿ ಒತ್ತುತ್ತಾರೆ. ಮಗುವಾದರೆ ಸದ್ದು ಕೇಳಿದಾಗಲೆಲ್ಲ ಡಬ್ಬಿಗೊಂದು ಮಣಿ ಹಾಕಬೇಕು. ಮಗು ಆಟ ಎಂದುಕೊಂಡಿರುತ್ತದೆ. ಎದುರಿನ ವಿದ್ಯಾರ್ಥಿನಿ ಆ ಪುಟ್ಟ ಬೆರಳು ಒಂದು ಕ್ಷಣ ತಡವರಿಸಿದ್ದನ್ನೂ ಗಮನಿಸಬೇಕು. ಕಿವಿ ಕೇಳದ ಮಕ್ಕಳ ಶಿಶುವಿಹಾರದಲ್ಲಿ ತಾಯಂದಿರಿಗೂ ಪಾಠ ಉಂಟು. ಮನೆಯಲ್ಲಿ ದಿನವಿಡೀ ಮಗುವಿನ ಜೊತೆ ಮಾತಾಡುವವರು ಅವರೇ ತಾನೆ.

ಇನ್ನು ಬಾಳೆಹಣ್ಣಿನ ವಿಷಯ. ದಖನಿಯಲ್ಲಿ ‘ಳ’ ಇಲ್ಲ, ‘ಣ’ ಇಲ್ಲ. ಮನೆಯಲ್ಲಿ ಕೇಳಿಯೇ ಇರದ ಧ್ವನಿಯನ್ನು ಮಗು ನುಡಿಯಲಿಲ್ಲವೆಂದರೆ ಅದು ನಾಲಿಗೆಯ ದೋಷವಲ್ಲ. ಪರೀಕ್ಷಿಸುವವರಿಗೆ ಇದು ಗೊತ್ತಿಲ್ಲದಿದ್ದರೆ ಆರೋಗ್ಯವಂತ ಮಗುವಿಗೆ ಚಿಕಿತ್ಸೆ ಬರೆದುಬಿಡುತ್ತಾರೆ. ಇನ್ನೂ ಕಷ್ಟದ್ದು ಇದರ ಇನ್ನೊಂದು ಮಗ್ಗುಲು: ‘ಮನೆಮಾತೇ ಹಾಗೆ’ ಎಂದು ಸುಮ್ಮನಾದರೆ, ನಿಜಕ್ಕೂ ಕಿವಿ ಮಂದವಾಗಿರುವ ಮಗು ಕೈತಪ್ಪಿ ಹೋಗುತ್ತದೆ. ಪುಸ್ತಕದ ಉರ್ದು ಹಿಡಿದು ಅಳೆದರೂ ಸಾಲದು. ಅಲ್ಲಿ ‘ಕಲಂ’ನ ಮೊದಲಕ್ಷರ ಗಂಟಲಾಳದಿಂದ ಬರುವ ಕಕಾರ, ದಖನಿಯ ಬಾಯಲ್ಲಿ ಅದು ‘ಖಲಂ’. ಅದನ್ನೂ ತಪ್ಪೆಂದು ಗುರುತು ಹಾಕುವಂತಿಲ್ಲ. ಇಂಥ ಸೂಕ್ಷ್ಮವನ್ನು ತರಗತಿಯಲ್ಲಿ ಹೇಳಬಹುದು, ಆದರೆ ಕಿವಿಗೆ ಅದು ಪಳಗುವುದು ಮನೆಮನೆಯ ಮಾತು ಕೇಳಿದಾಗಲೇ.

ಆದ್ದರಿಂದ ಈ ಓದಿನವರು ಒಂದಷ್ಟು ಕಾಲ ಉದಯಗಿರಿ, ರಾಜೀವನಗರದ ಮನೆಜಗಲಿಗಳಲ್ಲಿ ಕೂತು ದಖನಿಯನ್ನು ಕೇಳಿಸಿಕೊಂಡು ದಾಖಲಿಸಬೇಕು, ಅದಕ್ಕೆ ಪಠ್ಯದಲ್ಲೇ ಜಾಗವಿರಬೇಕು ಎಂಬುದು ನನ್ನ ಒತ್ತಾಯ. ಇಲ್ಲಿ ಕಲಿತವರಲ್ಲಿ ಎಷ್ಟೋ ಮಂದಿ ವಿದೇಶದ ಆಸ್ಪತ್ರೆಗಳಲ್ಲಿ ಹೆಸರು ಮಾಡಿದ್ದಾರೆ, ಅದು ಸಂತೋಷವೇ. ಆದರೂ ಉದಯಗಿರಿಯ ಒಬ್ಬ ಹುಡುಗಿ ಆ ತರಗತಿ ಸೇರಿ, ತನ್ನ ದಾದಿಮಾ, ಅಂದರೆ ಅಜ್ಜಿ, ಆಡುವ ಮಾತಿನಿಂದಲೇ ದಖನಿಯ ಪದಪಟ್ಟಿ ಶುರುಮಾಡುವುದನ್ನು ನೋಡುವ ಆಸೆ ನನಗಿದೆ. ಆ ದಾದಿಮಾಗಳಿಗೂ ವಯಸ್ಸಾಗುತ್ತಿದೆ.