ನಿಮಗಿದು ಗೊತ್ತೇ? ಮೊದಲ ಗಿಟಾರ್ ಕೊಳ್ಳುವ ಮುನ್ನ

ಹೊಸದಾಗಿ ಗಿಟಾರ್ ಹಿಡಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ವರ್ಷದೊಳಗೇ ಅದನ್ನು ಬಿಟ್ಟುಬಿಡುತ್ತಾರಂತೆ. ಹೀಗೆಂದವರು ಅಮೆರಿಕದ ಹೆಸರಾಂತ ಗಿಟಾರ್ ಕಂಪನಿ ಫೆಂಡರ್‌ನ ಮುಖ್ಯಸ್ಥರಾಗಿದ್ದ ಆ್ಯಂಡಿ ಮೂನಿ. ಬಿಟ್ಟವರಿಗೆಲ್ಲ ಆಸಕ್ತಿ ಇರಲಿಲ್ಲ ಎನ್ನಲಾಗದು. ಕೈಗೆ ಸಿಕ್ಕ ವಾದ್ಯವೇ ಬೆರಳು ಕೊಯ್ಯುವಂತಿದ್ದರೆ, ಎಷ್ಟು ತಿರುವಿದರೂ ಶ್ರುತಿಗೆ ನಿಲ್ಲದಿದ್ದರೆ, ಹನ್ನೆರಡು ವರ್ಷದ ಹುಡುಗಿ ಎಷ್ಟು ದಿನ ಛಲ ಹಿಡಿದಾಳು?

ಉಕ್ಕಿನ ತಂತಿಯ ಗಿಟಾರ್ ಶ್ರುತಿಯಲ್ಲಿದ್ದಾಗ ಅದರ ಆರೂ ತಂತಿಗಳು ಸೇರಿ 70 ಕೆ.ಜಿ.ಗೂ ಹೆಚ್ಚಿನ ಬಲದಲ್ಲಿ ಕತ್ತನ್ನು ಎಳೆಯುತ್ತಿರುತ್ತವೆ. ನೈಲಾನ್ ತಂತಿಯದ್ದಾದರೆ 40 ಕೆ.ಜಿ. ಆಸುಪಾಸು. ಈ ಎಳೆತಕ್ಕೆ ಕತ್ತು ಬಾಗದಿರಲೆಂದು ಒಳಗೆ ಕೂರಿಸುವ, ತಿರುಗಿಸಿ ಹೊಂದಿಸಬಹುದಾದ ಕಬ್ಬಿಣದ ಸರಳಿಗೆ ಟ್ರಸ್ ರಾಡ್ ಎನ್ನುತ್ತಾರೆ. ಗಿಬ್ಸನ್ ಕಂಪನಿಯ ಥಾಡಿಯಸ್ ಮೆಕ್‌ಹ್ಯೂ ಇದಕ್ಕೆ 1923ರಲ್ಲಿ ಪೇಟೆಂಟ್ ಪಡೆದರು. ನೂರು ವರ್ಷ ಹಳೆಯ ಈ ಅನುಕೂಲ ಇಂದಿಗೂ ಕೆಲವು ತೀರಾ ಅಗ್ಗದ ಗಿಟಾರ್‌ಗಳಲ್ಲಿ ಇರುವುದಿಲ್ಲ. ಉಕ್ಕಿನ ತಂತಿಯದ್ದು ಕೊಳ್ಳುವಾಗ ಅಂಗಡಿಯವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಟ್ರಸ್ ರಾಡ್ ಇದೆಯೇ, ಅದು ತಿರುಗುತ್ತದೆಯೇ?

ಗಿಟಾರ್ ಅಳೆಯುವ ಸಾಧನ ನಿಮ್ಮ ಪರ್ಸಿನಲ್ಲೇ ಇದೆ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ.; ಅಂತರರಾಷ್ಟ್ರೀಯ ಮಾನದಂಡವೇ ಹಾಗಿದೆ. ಮೂರು ಕಾರ್ಡು ಒತ್ತಿ ಹಿಡಿದರೆ ಸುಮಾರು 2.3 ಮಿ.ಮೀ. ಅಂಗಡಿಯಲ್ಲಿ ಗಿಟಾರನ್ನು ಶ್ರುತಿ ಮಾಡಿಸಿ, 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ, ಎಲ್ಲಕ್ಕಿಂತ ದಪ್ಪ ತಂತಿಯ ಕೆಳಗೆ ಆ ಮೂರನ್ನೂ ಮೆಲ್ಲಗೆ ತೂರಿಸಿ. ತಂತಿಯನ್ನು ಮೇಲೆತ್ತದೆ, ಹೆಚ್ಚು ಸಡಿಲವೂ ಇಲ್ಲದೆ ಕೂತರೆ ತಂತಿಯ ಎತ್ತರ ಹದವಾಗಿದೆ. ನಾಲ್ಕು ಕಾರ್ಡು ಹಿಡಿಸಿದರೆ ಸ್ವಲ್ಪ ತಗ್ಗಿಸಿಕೊಡಲು ಹೇಳಬೇಕು. ಐದು ಸಲೀಸಾಗಿ ಹೋದರೆ ಕಲಿಯುವವರ ಕೈಗೆ ಅದನ್ನು ಕೊಡಲೇಬಾರದು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನ ಲೆಕ್ಕ ಬೇರೆ. ಅಲ್ಲಿ ನಾಲ್ಕು-ಐದು ಕಾರ್ಡಿನ ಎತ್ತರ ಸಹಜ, ತಂತಿಯ ಬಿಗಿತವೇ ಕಡಿಮೆಯಾದ್ದರಿಂದ ಬೆರಳಿಗೂ ಅಷ್ಟು ನೋವಿಲ್ಲ.

ಇನ್ನೊಂದು ಪರೀಕ್ಷೆ ಕತ್ತಿನ ತುದಿಯಲ್ಲಿ. ತಂತಿಗಳನ್ನು ತೋಡುಗಳಲ್ಲಿ ಕೂರಿಸುವ ಬಿಳಿ ಪಟ್ಟಿಗೆ ನಟ್ ಎಂದು ಹೆಸರು. ಮೂರನೇ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿಹಿಡಿದು ಮೊದಲ ಫ್ರೆಟ್ ಮೇಲೆ ನೋಡಿ: ಒಂದು ಕಾಗದದ ಹಾಳೆ ಹಿಡಿಸುವಷ್ಟು ಸಂದಿದ್ದರೆ ಸಾಕು. ಅಗ್ಗದ ಗಿಟಾರ್‌ಗಳಲ್ಲಿ ನಟ್‌ನ ತೋಡುಗಳನ್ನು ಆಳವಾಗಿ ಕೊರೆಯುವ ತಾಳ್ಮೆ ಕಾರ್ಖಾನೆಗಿರುವುದಿಲ್ಲ. ತಂತಿ ಅಲ್ಲಿ ಎತ್ತರದಲ್ಲೇ ಉಳಿಯುತ್ತದೆ, ಕಲಿಯುವವರು ಮೊದಲು ಬೆರಳಿಡುವುದೂ ಅಲ್ಲಿಯೇ. ಮೊದಲ ಫ್ರೆಟ್‌ನಲ್ಲಿ ತೋರುಬೆರಳನ್ನು ಅಡ್ಡ ಮಲಗಿಸಿ ಹಿಡಿಯುವ ಎಫ್ ಮೇಜರ್ ಸ್ವರಗುಚ್ಛ ಎಷ್ಟೋ ಮಂದಿಗೆ ಒಲಿಯದಿರಲು ಈ ಕೂದಲೆಳೆಯ ಲೋಪವೂ ಒಂದು ದೊಡ್ಡ ಕಾರಣ.

ತಂತಿ ಎತ್ತರದಲ್ಲಿದ್ದಷ್ಟೂ ಒತ್ತುವಾಗ ಹೆಚ್ಚು ಹಿಗ್ಗುತ್ತದೆ, ಹಿಗ್ಗಿದ ತಂತಿಯ ಸ್ವರ ಏರುತ್ತದೆ. ಹೀಗಾಗಿ ಬೆರಳಿಡದ ಬಿಡಿ ತಂತಿಗಳು ಶ್ರುತಿ ನೋಡುವ ಆ್ಯಪ್‌ನಲ್ಲಿ ಸರಿ ತೋರಿಸಿದರೂ ಬೆರಳಿಟ್ಟೊಡನೆ ಅಪಸ್ವರ. 'ನನಗೆ ಸಂಗೀತದ ಕಿವಿಯೇ ಇಲ್ಲ' ಎಂದು ಕಲಿಯುವವರು ನೊಂದುಕೊಳ್ಳುತ್ತಾರೆ. ಕಿವಿ ಸೂಕ್ಷ್ಮವಾಗಿರುವುದಕ್ಕೇ ಆ ಅಪಸ್ವರ ಅವರಿಗೆ ಕೇಳಿಸಿದ್ದು!

ಅಪಸ್ವರಕ್ಕೆ ಫ್ರೆಟ್ ಕೂತ ಜಾಗವೂ ಕಾರಣವಾಗಬಹುದು. ವೀಣೆಯ 24 ಮೆಟ್ಟುಗಳು ಮೇಣದಲ್ಲಿ ಕೂತಿರುತ್ತವೆ. ಸ್ವರ ಜಾರಿದರೆ ಮೇಣ ತೆಗೆದು ಮತ್ತೆ ಮೇಳ ಕಟ್ಟಿಸಬಹುದು. ಗಿಟಾರ್‌ನ ಫ್ರೆಟ್‌ಗಳಿಗೆ ಆ ಅವಕಾಶವಿಲ್ಲ. ಮರದಲ್ಲಿ ಗರಗಸದಿಂದ ಸೀಳಿದ ಜಾಗವೇ ಕೊನೆಯದು. ತಂತಿಯ ಉದ್ದ 650 ಮಿ.ಮೀ. ಇದ್ದರೆ ಮೊದಲ ಫ್ರೆಟ್ ನಟ್‌ನಿಂದ ಸುಮಾರು 36.5 ಮಿ.ಮೀ. ದೂರದಲ್ಲಿ, 12ನೆಯದು ಸರಿಯಾಗಿ ಅರ್ಧದಲ್ಲಿ, 325ರಲ್ಲಿ ಇರಬೇಕು. ಎತ್ತರ ತಗ್ಗಿಸಬಹುದು, ತಂತಿ ಬದಲಿಸಬಹುದು, ಬಿರಡೆ ಹೊಸದು ಹಾಕಿಸಬಹುದು. ತಪ್ಪು ಜಾಗದಲ್ಲಿ ಕೂತ ಫ್ರೆಟ್‌ಗೆ ಮಾತ್ರ ಸುಲಭದ ಮದ್ದಿಲ್ಲ. ಪರೀಕ್ಷೆ ಸುಲಭ. 12ನೇ ಫ್ರೆಟ್ ಮೇಲೆ ಬೆರಳನ್ನು ಸುಮ್ಮನೆ ತಾಗಿಸಿ ಮೀಟಿದಾಗ ಬರುವ ಸ್ವರ ಮತ್ತು ಅಲ್ಲೇ ಒತ್ತಿ ಮೀಟಿದಾಗ ಬರುವ ಸ್ವರ ಎರಡೂ ಒಂದೇ ಆಗಿರಬೇಕು.

ಈಗ ಮರದ ಮಾತು. ಸ್ಪೇನಿನ ಆಂಟೋನಿಯೊ ದೆ ಟೊರೆಸ್ 1862ರಲ್ಲಿ ಒಂದು ಗಿಟಾರ್ ಮಾಡಿದರು. ಮೇಲಿನ ಹಲಗೆಯೇನೋ ಉತ್ತಮ ಮರದ್ದೇ. ಬೆನ್ನು ಮತ್ತು ಪಕ್ಕ ಮಾತ್ರ ಕಾಗದದ ರಟ್ಟಿನವು! ಗಿಟಾರ್‌ನ ದನಿ ಹುಟ್ಟುವುದು ಮೇಲಿನ ಹಲಗೆಯಲ್ಲಿ ಎಂದು ತೋರಿಸುವುದು ಅವರ ಉದ್ದೇಶ. ಆ ವಾದ್ಯ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

1995ರಲ್ಲಿ ಅಮೆರಿಕದ ಗಿಟಾರ್ ತಯಾರಕ ಬಾಬ್ ಟೇಲರ್ ತಮ್ಮ ಕಾರ್ಖಾನೆಯಲ್ಲಿ ಎಸೆದಿದ್ದ ಸರಕು ಸಾಗಣೆಯ ಪ್ಯಾಲೆಟ್ ಹಲಗೆಗಳಿಂದಲೇ ಗಿಟಾರ್ ಕಟ್ಟಿದರು. ಅದು ಚೆನ್ನಾಗಿಯೇ ನುಡಿಯಿತು.

ನಮ್ಮ ಮಲೆನಾಡು, ಕೊಡಗಿನ ಕಾಡಿನ ಬೀಟೆ ಮರ ಗಿಟಾರ್ ಲೋಕದಲ್ಲಿ ಇಂಡಿಯನ್ ರೋಸ್‌ವುಡ್ ಎಂದು ಪ್ರಸಿದ್ಧ. 1833ರಲ್ಲಿ ಶುರುವಾದ ಅಮೆರಿಕದ ಮಾರ್ಟಿನ್ ಕಂಪನಿ, ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರಲ್ಲಿ ಭಾರತದ ಬೀಟೆಗೆ ಹೊರಳಿತು. ಮೈಸೂರಿನ ಕುಸುರಿ ಕೆತ್ತನೆಗೆ ಬಳಸುವ ಮರದ ಜಾತಿಯೇ ಜಗತ್ತಿನ ದುಬಾರಿ ಗಿಟಾರ್‌ಗಳ ಬೆನ್ನಾಯಿತು ಎಂಬುದು ಹೆಮ್ಮೆಯ ಸಂಗತಿಯೇ. ಆದರೆ ಕಲಿಯುವವರು ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಬೆನ್ನು-ಪಕ್ಕದ ಮರ ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ತೆರನಾದ ಆರು ಗಿಟಾರ್ ಮಾಡಿಸಿ, ಮರ ಗುರುತು ಸಿಗದಂತೆ 52 ವಾದಕರ ಕೈಗೆ ಕೊಟ್ಟರು. ಬ್ರೆಜಿಲ್‌ನ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್ ಎಲ್ಲಕ್ಕೂ ಬಂದ ಅಂಕ ಹೆಚ್ಚುಕಡಿಮೆ ಒಂದೇ. ಫಲಿತಾಂಶ 2018ರಲ್ಲಿ ಪ್ರಕಟವಾಯಿತು.

ಇಡೀ ಮರದ ಮೇಲ್ಹಲಗೆಯ ಗಿಟಾರ್ ದನಿಯಲ್ಲಿ ಪ್ಲೈವುಡ್‌ನದ್ದಕ್ಕಿಂತ ಮೇಲು, ಸಂಶಯವಿಲ್ಲ. ಆದರೆ ಅದಕ್ಕೆ ಗಾಳಿಯಲ್ಲಿ ಶೇ. 45ರಿಂದ 55ರಷ್ಟು ತೇವಾಂಶ ಬೇಕು. ಕರಾವಳಿಯ ಮಳೆಗಾಲದಲ್ಲಿ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ; ಕಲಬುರಗಿಯ ಬೇಸಿಗೆಯಲ್ಲಿ ಒಣಗಿ ಸೀಳಬಹುದು. ಮಂಚದ ಕೆಳಗೆ, ಬೀರುವಿನ ಮೇಲೆ ಇಡುವ ಮನೆಗೆ ಪ್ಲೈವುಡ್ಡೇ ಗಟ್ಟಿ. ಯಾವುದೇ ಆಗಲಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ, ಅಂಟು ಮೆತ್ತಗಾಗುತ್ತದೆ.

ಎತ್ತರದ ತಂತಿ ಎಲ್ಲ ಕಡೆಯೂ ದೋಷವಲ್ಲ. ಹಿಂದೂಸ್ತಾನಿ ವಾದಕರಾದ ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ ಅವರಂತೆ ಮಡಿಲಲ್ಲಿಟ್ಟು ಉಕ್ಕಿನ ಸರಳು ಜಾರಿಸಿ ನುಡಿಸುವ ಗಿಟಾರ್‌ಗೆ ತಂತಿ ಎತ್ತರದಲ್ಲೇ ಇರಬೇಕು. ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ತಂದುಕೊಟ್ಟ ಮೋಹನವೀಣೆಯೂ ಗಿಟಾರ್‌ನಿಂದ ಹುಟ್ಟಿದ್ದೇ.

ಬೆರಳಿನ ನೋವಿಗೂ ಉಪಾಯವಿದೆ. ಬ್ಲ್ಯಾಕ್ ಸಬ್ಬಾತ್ ರಾಕ್ ತಂಡದ ಟೋನಿ ಅಯೋಮಿ ಹದಿಹರೆಯದಲ್ಲಿ ಬರ್ಮಿಂಗ್‌ಹ್ಯಾಮ್‌ನ ಲೋಹದ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡರು. ಅವರು ಗಿಟಾರ್ ಬಿಡಲಿಲ್ಲ. ಬ್ಯಾಂಜೊದ ತೆಳು ತಂತಿ ಕಟ್ಟಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಬೆರಳು ಉರಿಯುವ ಯಾರು ಬೇಕಾದರೂ ಇದನ್ನು ಮಾಡಬಹುದು. ಎಲ್ಲ ತಂತಿಗಳನ್ನೂ ಎರಡು ಅರ್ಧಸ್ವರ ಇಳಿಸಿದರೆ ಬಿಗಿತ ಶೇ. 20ರಷ್ಟು ತಗ್ಗುತ್ತದೆ. ಅಂಗಡಿಯಲ್ಲಿ ತೆಳುವಾದ 10ನೇ ಗೇಜ್ ಸೆಟ್ ಕೇಳಿದರೂ ಸಿಗುತ್ತದೆ.

ಹಾಗಾದರೆ ಎಷ್ಟು ಖರ್ಚು ಮಾಡಬೇಕು? ಚೀಲ, ಬೆಲ್ಟು, ಪಿಕ್ ಎಲ್ಲ ಸೇರಿಸಿ 3-4 ಸಾವಿರಕ್ಕೆ ಆನ್‌ಲೈನಿನಲ್ಲಿ ಬರುವ ಸೆಟ್ಟನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವುದು ಬೇಡವೆಂದೇ ನನ್ನ ಸಲಹೆ. ಹಾಗೆಂದು 40 ಸಾವಿರದ್ದೂ ಬೇಡ. ಯಮಹಾ ಎಫ್310ನಂಥ ಆರಂಭಿಕರ ಮಾದರಿಯ ಮೇಲ್ಹಲಗೆ ಪ್ಲೈವುಡ್. ಹದ ಮಾಡಿಸಿದರೆ ವರ್ಷಗಟ್ಟಲೆ ಕಲಿಯಲು ಅದು ಧಾರಾಳ ಸಾಕು. ಬಜೆಟ್ ಹತ್ತು ಸಾವಿರವಾದರೆ ಒಂಬತ್ತಕ್ಕೆ ಗಿಟಾರ್ ಕೊಂಡು ಉಳಿದ ಒಂದನ್ನು ಹದ ಮಾಡಿಸಲಿಕ್ಕೂ ಹೊಸ ತಂತಿಗೂ ಎತ್ತಿಡಿ. ಕೆಲಸ ಬದಲಿಸಿ ಊರು ಬಿಡುವವರು ಮಾರುವ ಹಳೆಯ ಗಿಟಾರ್‌ಗಳಲ್ಲೂ ಒಳ್ಳೆಯವು ಸಿಗುತ್ತವೆ; ಮೇಲಿನ ಮೂರು ಪರೀಕ್ಷೆಗಳನ್ನು ಅಲ್ಲಿಯೂ ಮಾಡಿ.

ಮನೆಯ ಮೂಲೆಯಲ್ಲಿ ಮಕ್ಕಳು ಬಿಟ್ಟ ಗಿಟಾರ್ ಈಗಾಗಲೇ ಇದ್ದರೆ, ಅದನ್ನು ಮಾರುವ ಮುಂಚೆ, 'ನಿನಗೆ ಸಂಗೀತ ಬರುವುದಿಲ್ಲ' ಎಂದು ಮಗುವಿಗೆ ಹೇಳುವ ಮುಂಚೆ, ವಾದ್ಯ ರಿಪೇರಿ ಬಲ್ಲವರಲ್ಲಿಗೆ ದಯವಿಟ್ಟು ಒಮ್ಮೆ ಒಯ್ದು ತಂತಿಯ ಎತ್ತರ ನೋಡಿಸಿ.