ನರಕವೇತಕ್ಕೆ?

ನರಕವೆಂಬುದು ನಮ್ಮ ಮಂಡ್ಯದ ಸೀಮೆಯ ಮಾತಿನಲ್ಲಿ ಬಹು ದೂರದ ಲೋಕವೇನೂ ಅಲ್ಲ. ಮಂಡ್ಯದಿಂದ ಮಳವಳ್ಳಿಯವರೆಗೆ ಕಿಕ್ಕಿರಿದ ಬಸ್ಸಿನಲ್ಲಿ ಒಂಟಿಕಾಲಿನಲ್ಲಿ ನಿಂತು ಬಂದವನು ಇಳಿದೊಡನೆ "ನರಕ ಕಣಪ್ಪಾ" ಎನ್ನುತ್ತಾನೆ. ವರ್ಷಗಟ್ಟಲೆ ಹಾಸಿಗೆ ಹಿಡಿದು ನರಳಿದ ಅಜ್ಜಿ ಕಣ್ಣು ಮುಚ್ಚಿದರೆ, ಮಣ್ಣಿಗೆ ಬಂದ ನೆಂಟರು "ಎಲ್ಲಾ ಇಲ್ಲೇ ಅನುಭವಿಸಿಬುಟ್ಲು, ಇನ್ನು ಅಲ್ಲಿ ಏನೂ ಬಾಕಿ ಇಲ್ಲ ಬುಡಿ" ಎಂದು ಮನೆಯವರಿಗೆ ಸಮಾಧಾನ ಹೇಳುತ್ತಾರೆ. ಈ ಸಣ್ಣ ಮಾತಿನೊಳಗೆ ಒಂದು ಸಿದ್ಧಾಂತವೇ ಅಡಗಿದೆ. ನರಕವೆಂದರೆ ಸಾಲ; ತೀರಿಸಿದರೆ ಮುಗಿಯಿತು; ಇಲ್ಲಿ ತೀರಿಸಿದ್ದನ್ನು ಅಲ್ಲಿ ಮತ್ತೆ ಕೇಳುವುದಿಲ್ಲ.

ನರಕ ಎಲ್ಲಿದೆ, ಹೇಗಿದೆ ಎಂಬ ವರ್ಣನೆಗಳನ್ನು ನಾವೆಲ್ಲ ಕೇಳಿದ್ದೇವೆ. ಕಾದ ಎಣ್ಣೆಯ ಕೊಪ್ಪರಿಗೆ, ಯಮದೂತರ ಪಾಶ, ವೈತರಣಿಯ ಹೊಳೆ ಇವೆಲ್ಲ ಚಿಕ್ಕಂದಿನಿಂದ ನಮಗೆ ಪರಿಚಿತ. ಆದರೆ ಅದು ಏತಕ್ಕೆ ಇದೆ? ದೇವರು ದಯಾಮಯನಾದರೆ ಇಂಥದೊಂದು ಲೋಕವನ್ನು ಏಕೆ ಇರಗೊಟ್ಟಿದ್ದಾನೆ? ಈ ಪ್ರಶ್ನೆಗೆ ಬೇರೆ ಬೇರೆ ಮತಗಳು ಕೊಟ್ಟ ಉತ್ತರಗಳನ್ನು ತಿಳಿಯಲು ನೀವು ಬಹಳ ದೂರ ಹೋಗಬೇಕಾಗಿಲ್ಲ. ಈ ಜಿಲ್ಲೆಯ ಸುತ್ತಮುತ್ತಲೇ ಅವೆಲ್ಲವೂ ದೊರೆಯುತ್ತವೆ.

ಮೊದಲು ಪುರಾಣಗಳ ಮಾತು. ಭಾಗವತದ ಐದನೆಯ ಸ್ಕಂಧದ ಕೊನೆಯಲ್ಲಿ ೨೮ ನರಕಗಳ ಪಟ್ಟಿಯಿದೆ. ಪರರ ಸೊತ್ತು ಕದ್ದವನಿಗೆ ಒಂದು, ಪ್ರಾಣಿಗಳನ್ನು ಹಿಂಸಿಸಿದವನಿಗೆ ಒಂದು, ಸುಳ್ಳು ಸಾಕ್ಷಿ ಹೇಳಿದವನಿಗೆ ಮತ್ತೊಂದು. ತಪ್ಪಿಗೆ ತಕ್ಕ ಶಿಕ್ಷೆ. ಶಿಕ್ಷೆ ವಿಧಿಸುವ ಯಮನಿಗೆ ಧರ್ಮರಾಜನೆಂಬ ಹೆಸರೂ ಇದೆಯೆಂಬುದನ್ನು ಮರೆಯಬಾರದು. ಆದರೆ ಈ ಭಯಂಕರವಾದ ಪಟ್ಟಿ ಮುಗಿದೊಡನೆ ಪರೀಕ್ಷಿತನು ಕೇಳುವ ಪ್ರಶ್ನೆ, ಮನುಷ್ಯನು ಇದರಿಂದ ಪಾರಾಗುವುದು ಹೇಗೆ ಎಂಬುದು. ಅದಕ್ಕೆ ಉತ್ತರವಾಗಿ ಬರುವುದೇ ಅಜಾಮಿಳನ ಕಥೆ. ಸಾಯುವಾಗ ಮಗನನ್ನು ಕೂಗಿದ ನೆಪದಲ್ಲಿ 'ನಾರಾಯಣ' ಎಂದವನನ್ನು ಯಮದೂತರ ಕೈಯಿಂದ ಬಿಡಿಸಿದ ಕಥೆ. ಆದುದರಿಂದ ಪುರಾಣದಲ್ಲಿ ನರಕದ ವರ್ಣನೆಯು ಹೆದರಿಸಿ ಅಲ್ಲಿಗೇ ನಿಲ್ಲುವುದಿಲ್ಲ. ಅದು ದಾರಿ ತಪ್ಪಿದವನನ್ನು ಹಿಂದಿರುಗಿಸುವುದಕ್ಕಾಗಿ ಇದೆ.

ತತ್ತ್ವಶಾಸ್ತ್ರವು ಇಷ್ಟಕ್ಕೆ ತೃಪ್ತವಾಗಲಿಲ್ಲ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ನರಕ ಎಂದಾದರೆ ದೇವರಿಗೆ ಪಕ್ಷಪಾತವೂ ಕ್ರೌರ್ಯವೂ ಅಂಟುವುದಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರವೇ ಎತ್ತಿಕೊಂಡು, ಇಲ್ಲ, ಆತನು ಜೀವಿಗಳ ಕರ್ಮವನ್ನು ಅನುಸರಿಸಿ ಫಲ ಕೊಡುತ್ತಾನೆ ಎಂದು ಉತ್ತರಿಸುತ್ತದೆ. ಅಲ್ಲಿ ಶಂಕರಾಚಾರ್ಯರು ಕೊಡುವ ಉಪಮಾನ ಮಳೆಯದು. ಮಳೆ ಎಲ್ಲ ಬೀಜಕ್ಕೂ ಒಂದೇ; ಬತ್ತ ಬತ್ತವಾಗುವುದೂ ಜವೆ ಜವೆಯಾಗುವುದೂ ಬೀಜದ ಗುಣದಿಂದ. ನಾವು ಇದನ್ನು ನಮ್ಮ ನಾಲೆಯ ಮಾತಿನಲ್ಲಿ ಹೇಳಿಕೊಳ್ಳಬಹುದು. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಒಂದೇ ರುಚಿಯಲ್ಲಿ ಹರಿಯುತ್ತದೆ. ಒಂದು ಗದ್ದೆಯಲ್ಲಿ ಕಬ್ಬು, ಪಕ್ಕದಲ್ಲಿ ಬತ್ತ, ಬದುವಿನ ಮೇಲೆ ಮುಳ್ಳು. ಮುಳ್ಳು ಬೆಳೆದದ್ದಕ್ಕೆ ನಾಲೆಯನ್ನು ಬಯ್ಯುವವರು ಯಾರು? ಅದ್ವೈತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಲೋಕ ಎಷ್ಟು ನಿಜವೋ ನರಕವೂ ಅಷ್ಟೇ ನಿಜ, ಜ್ಞಾನ ಬಂದೊಡನೆ ಎರಡೂ ಇಲ್ಲ ಎನ್ನುತ್ತಾರೆ.

ಹಾಗಾದರೆ ಬೀಜ ಮುಳ್ಳಿನದಾದದ್ದು ಏಕೆ? ಈ ಪ್ರಶ್ನೆಗೆ ಹೆದರದೆ ಉತ್ತರ ಕೊಟ್ಟವರು ಮಧ್ವಾಚಾರ್ಯರು. ಮಳವಳ್ಳಿಯಿಂದ ಬಹಳ ದೂರವಿಲ್ಲದ ಸೋಸಲೆಯಲ್ಲಿ ವ್ಯಾಸರಾಜರ ಪರಂಪರೆಯ ಮಠವಿದೆ; ಅಲ್ಲಿ ಓದುವ ಶಾಸ್ತ್ರದ ಪ್ರಕಾರ ಜೀವರು ಸ್ವಭಾವದಿಂದಲೇ ಮೂರು ಬಗೆ. ಮುಕ್ತಿಗೆ ಯೋಗ್ಯರು ಕೆಲವರು, ಸಂಸಾರದಲ್ಲೇ ಸುತ್ತುವವರು ಕೆಲವರು, ತಮಸ್ಸಿಗೆ ಯೋಗ್ಯರು ಕೆಲವರು. ಈ ಸ್ವಭಾವವನ್ನು ದೇವರು ಹೊಸದಾಗಿ ಮಾಡಿದ್ದಲ್ಲ, ಅದು ಅನಾದಿ. ಅಂಧಂತಮಸ್ಸು ಎಂಬ ಕೊನೆಯ ನರಕದಿಂದ ಹಿಂದಿರುಗುವುದಿಲ್ಲ. ಹಿಂದೂ ದರ್ಶನಗಳಲ್ಲಿ ನಿತ್ಯವಾದ ನರಕವನ್ನು ಇಷ್ಟು ಸ್ಪಷ್ಟವಾಗಿ ಹೇಳಿದವರು ವಿರಳ. ಕೇಳುವುದಕ್ಕೆ ಇದು ಕಠಿಣ. ಆದರೆ ದೇವರನ್ನು ಕ್ರೂರನೆಂಬ ಆರೋಪದಿಂದ ಬಿಡಿಸಬೇಕೆಂಬ ಕಾಳಜಿಯೇ ಇದರ ಹಿಂದಿದೆ ಎಂಬುದನ್ನು ಗಮನಿಸಬೇಕು.

ಜಿಲ್ಲೆಯ ಇನ್ನೊಂದು ತುದಿಯಲ್ಲಿ ಮೇಲುಕೋಟೆಯಿದೆ. ೧೨ನೆಯ ಶತಮಾನದಲ್ಲಿ ರಾಮಾನುಜರು ಅಲ್ಲಿ ನೆಲಸಿದ್ದುದು ನಿಮಗೆ ಗೊತ್ತೇ ಇದೆ. ಗುರುಪರಂಪರೆಯ ಕಥೆಯೊಂದು ನರಕದ ವಿಷಯದಲ್ಲಿ ಬಹಳ ಮುಖ್ಯವಾದದ್ದು. ತಿರುಕ್ಕೋಷ್ಟಿಯೂರಿನ ಗುರುಗಳು ಅವರಿಗೆ ಮಂತ್ರದ ರಹಸ್ಯವನ್ನು ಉಪದೇಶಿಸಿ, ಇದನ್ನು ಹೊರಗೆ ಹೇಳಿದರೆ ನರಕ ಎಂದು ಎಚ್ಚರಿಸಿದರಂತೆ. ರಾಮಾನುಜರು ಗುಡಿಯ ಮೇಲೇರಿ ನೆರೆದ ಜನಕ್ಕೆಲ್ಲ ಅದನ್ನು ಸಾರಿದರು. ಗುರುಗಳು ಸಿಟ್ಟಾದಾಗ, ಇಷ್ಟು ಜನ ಉದ್ಧಾರವಾಗುವುದಾದರೆ ನಾನೊಬ್ಬ ನರಕಕ್ಕೆ ಹೋಗಲು ಸಿದ್ಧ ಎಂಬುದು ಅವರ ಉತ್ತರದ ತಾತ್ಪರ್ಯ. ಕರ್ಮದ ಲೆಕ್ಕ ಸುಳ್ಳೆಂದು ಶ್ರೀವೈಷ್ಣವರು ಹೇಳುವುದಿಲ್ಲ. ಆದರೆ ಶರಣಾಗತನ ಪರವಾಗಿ ತಾಯಿ ಲಕ್ಷ್ಮಿಯು ಸ್ವಾಮಿಯಲ್ಲಿ ಮಾತನಾಡುತ್ತಾಳೆ, ದಯೆ ಲೆಕ್ಕವನ್ನು ಮೀರುತ್ತದೆ ಎಂದು ನಂಬುತ್ತಾರೆ.

ಇನ್ನು ದೇವರನ್ನೇ ಈ ಲೆಕ್ಕದಿಂದ ಹೊರಗಿಟ್ಟವರು ಜೈನರು. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟಗಳಲ್ಲಿ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿಗಳಲ್ಲಿ ಅವರ ಹಳೆಯ ನೆಲೆಗಳನ್ನು ನೀವು ನೋಡಬಹುದು. ಜೈನಮತದಲ್ಲಿ ಲೋಕವನ್ನು ಸೃಷ್ಟಿಸಿದವನೂ ಇಲ್ಲ, ನರಕಕ್ಕೆ ನೂಕುವವನೂ ಇಲ್ಲ. ರತ್ನಪ್ರಭೆಯಿಂದ ಮಹಾತಮಃಪ್ರಭೆಯವರೆಗೆ ನರಕಗಳು ಏಳು, ಒಂದರ ಕೆಳಗೊಂದು. ಕರ್ಮವು ಜೀವಕ್ಕೆ ಅಂಟಿ ಭಾರವಾದಂತೆ ಜೀವ ಕೆಳಗಿಳಿಯುತ್ತದೆ. ಯಾವುದರಿಂದ ನರಕಾಯುಷ್ಯ ಬರುತ್ತದೆ ಎಂದರೆ, ಮಿತಿಯಿಲ್ಲದ ಆರಂಭ, ಮಿತಿಯಿಲ್ಲದ ಪರಿಗ್ರಹ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಎಂದರೆ ಅತಿಯಾದ ಹಿಂಸೆಯ ಉದ್ಯಮ, ಅತಿಯಾದ ಕೂಡಿಡುವಿಕೆ. ಮನಸ್ಸಿನ ಸಂಕಲ್ಪವೇ ಸಾಕು ಎಂಬುದಕ್ಕೆ ಜನ್ನನ ಯಶೋಧರ ಚರಿತೆಯಿದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನು ಜನ್ಮಜನ್ಮಾಂತರ ಪ್ರಾಣಿಯಾಗಿ ನರಳಿದ. ಆದರೆ ಜೈನರ ನರಕ ಎಷ್ಟು ದೀರ್ಘವಾದರೂ ನಿತ್ಯವಲ್ಲ. ಮಹಾವೀರರ ಕಾಲದ ಶ್ರೇಣಿಕ ಮಹಾರಾಜನು ಈಗ ಮೊದಲನೆಯ ನರಕದಲ್ಲಿದ್ದಾನೆಂದೂ, ಅವನೇ ಮುಂದಿನ ಕಾಲಚಕ್ರದ ಮೊದಲ ತೀರ್ಥಂಕರನಾಗುವನೆಂದೂ ಅವರ ನಂಬಿಕೆ. ನರಕದಲ್ಲಿರುವವನನ್ನೂ ನಾಳಿನ ತೀರ್ಥಂಕರನೆಂದು ಕಾಣುವ ಈ ದೃಷ್ಟಿ ಎಷ್ಟು ದೊಡ್ಡದು!

ಶರಣರು ಈ ಮಾತನ್ನೇ ತಿರುಗಿಸಿದರು. ಸ್ವರ್ಗ ನರಕಗಳು ಬೇರೆಲ್ಲೋ ಇಲ್ಲ, ಮನುಷ್ಯನು ಮನುಷ್ಯನೊಡನೆ ಆಡುವ ಮಾತಿನಲ್ಲಿ, ನಡೆಯುವ ನಡತೆಯಲ್ಲಿ ಇವೆ ಎಂದರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವನ್ನು ನೆಲೆಯಾಗಿ ಉಳ್ಳ ಮಂಟೇಸ್ವಾಮಿಯ ಪರಂಪರೆಯಲ್ಲಿ, ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಹಾಡುವ ಕಥೆಯಲ್ಲಿ, ಇದೇ ವಿಚಾರ ಇನ್ನೂ ಹರಿತವಾಗಿದೆ. ಕಲ್ಯಾಣದ ಬಾಗಿಲಿಗೆ ಬಂದ ಮಂಟೇಸ್ವಾಮಿ ಒಳಗಿನ ಮಡಿಯನ್ನು ಬಿಟ್ಟು ತಿಪ್ಪೆಯಲ್ಲಿ ಕೂರುತ್ತಾನೆ. ವೇಷಧಾರಿಗಳಿಗೆ ಹೇಸಿಗೆಯಾಗಿ ಕಂಡದ್ದು ಪರಂಜ್ಯೋತಿಯ ಪೀಠವಾಗುತ್ತದೆ. ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋಗಿ ಘೋರವಾದ ಪರೀಕ್ಷೆಗಳನ್ನು ಎದುರಿಸುತ್ತಾನೆ. ಆ ಯಾತನೆ ಪಾಪದ ಫಲವಲ್ಲ. ಅದು ಭಕ್ತನ ಸತ್ಯದ ಪರೀಕ್ಷೆ. ನರಳುವವನೆಲ್ಲ ಪಾಪಿಯಲ್ಲ ಎಂಬ ಮಾತನ್ನು ನಮ್ಮ ಜನಪದರು ಹೀಗೆ ಹಾಡಿ ಕಲಿಸಿದ್ದಾರೆ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಮಸೀದಿಯೂ ಇದೆ, ಕ್ರೈಸ್ತರ ಚರ್ಚೂ ಇದೆ. ಇಸ್ಲಾಮಿನಲ್ಲಿ ಜಹನ್ನಮ್ ಅಂತಿಮ ನ್ಯಾಯದ ದಿನದ ಸ್ಥಾನ. ಪಾಪಿಗಳನ್ನು ಶಿಕ್ಷಿಸದಿದ್ದರೆ ದಬ್ಬಾಳಿಕೆಗೆ ಒಳಗಾದವನಿಗೆ ನ್ಯಾಯವೆಲ್ಲಿ ಎಂಬುದು ಅದರ ಹಿಂದಿನ ಪ್ರಶ್ನೆ. ಆದರೆ ಸಾಸಿವೆ ಕಾಳಿನಷ್ಟು ನಂಬಿಕೆಯುಳ್ಳವನನ್ನೂ ಕೊನೆಗೆ ಬೆಂಕಿಯಿಂದ ಹೊರತೆಗೆಯಲಾಗುವುದೆಂದು ಹದೀಸಿನಲ್ಲಿದೆ. ಅವಿಶ್ವಾಸಿಗಳಿಗೆ ಅದು ನಿತ್ಯವೆಂದು ಹೆಚ್ಚಿನ ಪಂಡಿತರು ಹೇಳಿದರೂ, ೧೪ನೆಯ ಶತಮಾನದ ಇಬ್ನ್ ತೈಮಿಯ್ಯಾ ಮತ್ತು ಅವರ ಶಿಷ್ಯ ಇಬ್ನ್ ಅಲ್‌ಕಯ್ಯಿಮ್ ಆ ಬೆಂಕಿಯೂ ಒಂದು ದಿನ ಆರಬಹುದೆಂಬ ವಾದವನ್ನು ಮುಂದಿಟ್ಟರು. ಕ್ರೈಸ್ತರಲ್ಲೂ ಇದೇ ಜಗಳ. ಮೂರನೆಯ ಶತಮಾನದ ಒರಿಜೆನ್ ಎಲ್ಲ ಜೀವಗಳೂ ಕೊನೆಗೆ ದೇವರಲ್ಲಿಗೆ ಮರಳುವುವೆಂಬ ಆಸೆಯನ್ನಿಟ್ಟ. ಅಗಸ್ಟೀನನು ಅದನ್ನು ಖಂಡಿಸಿದ. ಕ್ಯಾಥೊಲಿಕ್ ಸಭೆಯ ಇಂದಿನ ವಿವರಣೆಯಂತೆ ನರಕವು ಮನುಷ್ಯನು ತಾನಾಗಿ ದೇವರ ಪ್ರೀತಿಗೆ ಬಾಗಿಲು ಮುಚ್ಚಿಕೊಂಡ ಸ್ಥಿತಿ. ಪ್ರೀತಿಯನ್ನು ಬಲಾತ್ಕಾರದಿಂದ ಕೊಡಲಾಗದು. ಬೇಡವೆನ್ನುವ ಸ್ವಾತಂತ್ರ್ಯವಿದ್ದರೆ ನರಕದ ಸಾಧ್ಯತೆಯೂ ಇರಲೇಬೇಕು.

ಇವೆಲ್ಲ ಪಂಡಿತರ ಜಗಳವೆಂದು ನೀವು ಪಕ್ಕಕ್ಕಿಡಬಹುದು. ಆದರೆ ಈ ಪ್ರಶ್ನೆ ಮನೆಯೊಳಗೆ ಬಂದು ಕೂರುವ ಹೊತ್ತೂ ಉಂಟು. ೨೦೧೫ರಲ್ಲಿ ಈ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲದ ಭಾರದಲ್ಲಿ ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡರು. ಅಂಥ ಮನೆಯ ಹೆಂಗಸಿನ ಮುಂದೆ ಯಾರಾದರೂ "ಆತ್ಮಹತ್ಯೆ ಮಾಡಿಕೊಂಡವರಿಗೆ ನರಕವೇ ಗತಿ" ಎಂದರೆ, ಸತ್ತವನಿಗಿಂತ ಬದುಕಿರುವವಳಿಗೆ ಅದು ನರಕ. ಶಾಸ್ತ್ರ ಹಾಗೆನ್ನುತ್ತದೆಯೇ? ಈಶಾವಾಸ್ಯೋಪನಿಷತ್ತು ಆತ್ಮವನ್ನು ಕೊಂದವರು ಕತ್ತಲೆಯ ಲೋಕಗಳಿಗೆ ಹೋಗುವರೆನ್ನುವುದು ನಿಜ. ಆದರೆ ಅಲ್ಲಿ ಆತ್ಮವನ್ನು ಕೊಂದವರೆಂದರೆ ಆತ್ಮವನ್ನು ಅರಿಯದವರು ಎಂದು ಶಂಕರರು ಅರ್ಥ ಹೇಳಿದ್ದಾರೆ. ಆ ಲೆಕ್ಕದಲ್ಲಿ ನಮ್ಮಲ್ಲಿ ಹೆಚ್ಚಿನವರೆಲ್ಲ ಸೇರುತ್ತೇವೆ. ಧರ್ಮಶಾಸ್ತ್ರಗಳು ಇಂಥ ಮರಣವನ್ನು ಕಟುವಾಗಿ ಖಂಡಿಸಿದರೂ, ಹೀಗೆ ಹೋದವರ ಸದ್ಗತಿಗಾಗಿ ನಾರಾಯಣಬಲಿಯನ್ನು ವಿಧಿಸಿ ಬಾಗಿಲು ತೆರೆದಿಟ್ಟವು. ಕ್ಯಾಥೊಲಿಕ್ ಸಭೆಯ ೧೯೧೭ರ ಕಾನೂನು ಇವರಿಗೆ ಶವಸಂಸ್ಕಾರವನ್ನು ನಿರಾಕರಿಸುತ್ತಿತ್ತು. ೧೯೮೩ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ೧೯೯೨ರ ಧರ್ಮೋಪದೇಶ ಗ್ರಂಥವು ಅವರ ವಿಷಯದಲ್ಲಿ ನಿರಾಶರಾಗಬೇಡಿ, ಪ್ರಾರ್ಥಿಸಿರಿ ಎನ್ನುತ್ತದೆ. ಆತ್ಮಹತ್ಯೆ ಇಸ್ಲಾಮಿನಲ್ಲಿ ನಿಷಿದ್ಧವಾದರೂ, ಸತ್ತವನಿಗೆ ಜನಾಜಾ ನಮಾಜು ಸಲ್ಲಬೇಕೆಂಬುದೇ ಬಹುಮತದ ಅಭಿಪ್ರಾಯ.

ಈ ಎಲ್ಲ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ನರಕವನ್ನು ನ್ಯಾಯವೆಂದವರು ನರಳಿದವರ ಪಕ್ಷ ಹಿಡಿದರು. ಅದನ್ನು ತೊಳೆಯುವ ನೀರೆಂದವರು ತಪ್ಪಿದವನ ಪಕ್ಷ ಹಿಡಿದರು. ಅದನ್ನು ನಮ್ಮ ನಡತೆಯೆಂದವರು ನೆರೆಯವನ ಪಕ್ಷ ಹಿಡಿದರು. ನಿತ್ಯನರಕವನ್ನು ಹೇಳಿದವರು ಕೂಡ ಇಂಥವನು ಅಲ್ಲಿದ್ದಾನೆಂದು ಬೆರಳು ಮಾಡುವ ಅಧಿಕಾರವನ್ನು ನಮ್ಮ ನಿಮ್ಮಂಥವರಿಗೆ ಕೊಡಲಿಲ್ಲ. ನರಕವನ್ನು ಕುರಿತ ಮಾತೆಲ್ಲ ತನ್ನನ್ನು ತಾನು ತಿದ್ದಿಕೊಳ್ಳುವುದಕ್ಕೆ. ಮತ್ತೊಬ್ಬರ ಮನೆಯ ಸಾವಿನ ಮೇಲೆ ತೀರ್ಪು ಬರೆಯುವುದಕ್ಕಲ್ಲ. ಆದುದರಿಂದ ಮುಂದಿನ ಸಲ ನೀವು ಅಂಥ ಮನೆಯ ಮಣ್ಣಿಗೆ ಹೋದಾಗ, ಶಾಸ್ತ್ರದ ಮಾತು ಬಂದರೆ, ನಮ್ಮ ಹಳ್ಳಿಯ ನೆಂಟರು ಹೇಳುವ ಮಾತನ್ನೇ ನೀವೂ ಹೇಳಿರಿ: ಎಲ್ಲಾ ಇಲ್ಲೇ ಅನುಭವಿಸಿದ, ಇನ್ನು ಅಲ್ಲಿ ಬಾಕಿ ಇಲ್ಲ. ಆಮೇಲೆ ಆ ಮನೆಯ ಸಾಲದ ವಿಷಯವನ್ನೂ ಒಂದಿಷ್ಟು ವಿಚಾರಿಸಿರಿ.