ವಿಕಿರಣಕ್ಕೂ ಬಗ್ಗದ ಕಪ್ಪು ಬೂಷ್ಟು



ಬೂಷ್ಟು ಎಂದೊಡನೆ ನಮ್ಮ ನೆನಪಿಗೆ ಬರುವುದು ನಷ್ಟದ ಲೆಕ್ಕವೇ. ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ, ಹಸಿರು ತಿಗಣೆ ಹತ್ತಿದ ಎಲೆಯ ಮೇಲೆ ಮಸಿ ಬಳಿದಂಥ ಕಪ್ಪು, ಸರಿಯಾಗಿ ಒಣಗದ ಅಡಿಕೆಯ ಮೇಲೆ ಬೂಷ್ಟು. ಆದರೆ ಇದೇ ಶಿಲೀಂಧ್ರಗಳ ಕುಲದಲ್ಲಿ, ಮನುಷ್ಯನು ನಿಲ್ಲಲಾರದಷ್ಟು ವಿಕಿರಣವಿರುವ ಕಡೆಯೂ ಬೆಳೆಯಬಲ್ಲವು ಕೆಲವು ಇವೆ.

1986ರ ಏಪ್ರಿಲ್ 26ರಂದು, ಅಂದು ಸೋವಿಯತ್ ಒಕ್ಕೂಟದಲ್ಲಿದ್ದ ಯುಕ್ರೇನಿನ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರದ 4ನೆಯ ಘಟಕ ಸ್ಫೋಟಿಸಿತು. ಮುಂದಿನ ವರ್ಷಗಳಲ್ಲಿ ಕೀವ್ ನಗರದ ಸೂಕ್ಷ್ಮಜೀವಿ ವಿಜ್ಞಾನಿ ನೆಲ್ಲಿ ಝ್ದಾನೋವಾ ಮತ್ತು ಅವರ ಸಂಗಡಿಗರು ಆ ಪಾಳುಕಟ್ಟಡದ ಒಳಗೋಡೆಗಳಲ್ಲಿ ಬೂಷ್ಟು ಬೆಳೆದಿರುವುದನ್ನು ಕಂಡರು. ಅವುಗಳಲ್ಲಿ ಹಲವು ಕಪ್ಪು ಬಣ್ಣದವು. ಕೆಲವು ಜಾತಿಗಳ ಎಳೆಗಳು ವಿಕಿರಣ ಬರುವ ದಿಕ್ಕಿಗೇ ತಿರುಗಿ ಬೆಳೆಯುತ್ತಿದ್ದವು.

ಈ ಕಪ್ಪಿಗೆ ಕಾರಣ ಮೆಲನಿನ್. ನಮ್ಮ ಚರ್ಮಕ್ಕೆ, ಕೂದಲಿಗೆ ಬಣ್ಣ ಕೊಡುವುದೂ ಇದೇ ಬಗೆಯ ವಸ್ತು. 2007ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಡಡಾಚೋವಾ ಮತ್ತು ಕಾಸಾಡೆವಾಲ್ ಅವರ ತಂಡವು, ಸಹಜ ಮಟ್ಟಕ್ಕಿಂತ ಸುಮಾರು 500 ಪಟ್ಟು ವಿಕಿರಣದಲ್ಲಿ ಮೆಲನಿನ್ ಉಳ್ಳ ಶಿಲೀಂಧ್ರಗಳು ಇನ್ನೂ ಚುರುಕಾಗಿ ಬೆಳೆದುವೆಂದು ಪ್ರಕಟಿಸಿತು. ಎಲೆಯ ಹಸಿರು ಬಿಸಿಲನ್ನು ಬಳಸಿಕೊಳ್ಳುವಂತೆ ಈ ಕಪ್ಪು ವಿಕಿರಣವನ್ನು ಬಳಸಿಕೊಳ್ಳುತ್ತದೆಯೇ ಎಂಬುದು ಪ್ರಶ್ನೆ. ಇದು ಇನ್ನೂ ಸಿದ್ಧಪಟ್ಟಿಲ್ಲ. ಮಿಕ್ಕ ಬೂಷ್ಟುಗಳಂತೆ ಇವಕ್ಕೂ ಆಹಾರ ಬೇಕೇ ಬೇಕು.

ಉಪಯೋಗವೇನು? ಚೆರ್ನೋಬಿಲ್‌ನಲ್ಲಿ ಸಿಕ್ಕಿದ್ದ ಕ್ಲಾಡೋಸ್ಪೋರಿಯಂ ಸ್ಫೀರೋಸ್ಪರ್ಮಮ್ ಎಂಬ ಜಾತಿಯನ್ನು 2018-19ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸುಮಾರು ಒಂದು ತಿಂಗಳು ಬೆಳೆಸಿ ನೋಡಿದರು. ಎರಡು ಮಿಲಿಮೀಟರಿಗೂ ತೆಳುವಾದ ಆ ಪದರದ ಕೆಳಗೆ ವಿಕಿರಣ ಶೇಕಡ 2ರಷ್ಟು ಕಡಿಮೆ ಕಂಡಿತು. ಅಲ್ಪವೇ ಸರಿ, ಆದರೂ ದೂರದ ಗಗನಯಾತ್ರೆಯಲ್ಲಿ ಭಾರವಾದ ಹೊದಿಕೆಯನ್ನು ಹೊತ್ತೊಯ್ಯುವ ಬದಲು ಅಲ್ಲಿಯೇ ಬೆಳೆಸಿಕೊಳ್ಳಬಹುದೆಂಬ ಆಸೆ ಇದರಿಂದ ಹುಟ್ಟಿದೆ.

ಒಂದು ಮಾತನ್ನು ಮರೆಯಬಾರದು. ಬೂಷ್ಟು ವಿಕಿರಣದ ವಿಷವನ್ನು ತಿಂದು ಮುಗಿಸುವುದಿಲ್ಲ. ಸೀಸಿಯಂ-137 ಅರ್ಧದಷ್ಟಾಗಲು ಸುಮಾರು 30 ವರ್ಷ ಬೇಕು. ಯಾವ ಜೀವಿಯೂ ಆ ಅವಧಿಯನ್ನು ಕಡಿಮೆ ಮಾಡಲಾರದು. ಶಿಲೀಂಧ್ರವು ಅದನ್ನು ಹೀರಿ ತನ್ನಲ್ಲಿ ಇಟ್ಟುಕೊಳ್ಳಬಲ್ಲದು, ಅಷ್ಟೇ. ಚೆರ್ನೋಬಿಲ್ ದುರಂತದ ನಂತರ ಯೂರೋಪಿನ ಕಾಡಣಬೆಗಳಲ್ಲಿ ಸೀಸಿಯಂ ಸಿಕ್ಕಿದ್ದು ಹೀಗೆಯೇ.

ನಮ್ಮ ತೋಟಕ್ಕೂ ಇದರಲ್ಲಿ ಒಂದು ಪಾಠವಿದೆ. ಮೆಲನಿನ್ ಎಂಬ ಈ ಕಪ್ಪು ಕವಚ ಶಿಲೀಂಧ್ರವನ್ನು ಸುಡುಬಿಸಿಲಿನಿಂದಲೂ ಕಾಪಾಡುತ್ತದೆ. ಆದ್ದರಿಂದ ಒಂದೆರಡು ದಿನ ಬಿಸಿಲು ಕಂಡ ಮಾತ್ರಕ್ಕೆ ಕಪ್ಪು ಬೂಷ್ಟು ಸತ್ತಿತೆಂದು ಭಾವಿಸಬೇಡಿ. ಅದಕ್ಕೆ ಬೇಕಾದ ತೇವವನ್ನೂ ಆಹಾರವನ್ನೂ ತಪ್ಪಿಸುವುದೇ ದಾರಿ. ಅಡಿಕೆಯನ್ನು ಪೂರ್ತಿ ಒಣಗಿಸಿಯೇ ಚೀಲಕ್ಕೆ ತುಂಬಿರಿ. ಕಾಫಿ ಎಲೆಯ ಮಸಿಯನ್ನು ಒರೆಸುವುದಕ್ಕಿಂತ, ಅದಕ್ಕೆ ಸಿಹಿದ್ರವ ಉಣಿಸುವ ತಿಗಣೆಯನ್ನು ಹತೋಟಿಯಲ್ಲಿಡಿ.